ಗೊಂಬೆಯ ಸೊಂಟದ ಗಂಟು

ವಕೀಲ ಮರಿಬಸಪ್ಪನವರ ಮನೆಗೆ ಬಂದ ಕಕ್ಷಿದಾರರ ಕಣ್ಣು ಮೊದಲು ಬೀಳುತ್ತಿದ್ದುದು ವಕೀಲರ ಮೇಲಲ್ಲ, ಗೊಂಬೆಗಳ ಮೇಲೆ. ಬಳ್ಳಾರಿಯ ಗಾಂಧಿನಗರದ ಆ ಮನೆಯ ಪಡಸಾಲೆಯಲ್ಲಿ ಕಾನೂನು ಪುಸ್ತಕಗಳಿಗೆಂದೇ ಮಾಡಿಸಿದ್ದ ಗಾಜಿನ ಬೀರುವನ್ನು ಅವರ ಹೆಂಡತಿ ದಾಕ್ಷಾಯಣಮ್ಮ ಒಂದೊಂದೇ ಖಾನೆಯಾಗಿ ಗೆದ್ದುಕೊಂಡಿದ್ದಳು. ಪುಸ್ತಕಗಳು ಮಂಚದ ಕೆಳಗಿನ ಟ್ರಂಕು ಸೇರಿದ್ದವು. ಈ ಕೇಸು ಸೋತರೆ ಗೊಂಬೆಗಳಿಗೇ ಕರಿಕೋಟು ಹೊಲಿಸಿ ಕೋರ್ಟಿಗೆ ಕಳಿಸುತ್ತೇನೆಂದು ವಕೀಲರು ಬಂದವರ ಮುಂದೆ ನಗುತ್ತಿದ್ದರು.

ಎಲ್ಲವೂ ಬಟ್ಟೆಯ ಗೊಂಬೆಗಳು, ಗೇಣುದ್ದದವು, ಕುರುಗೋಡಿನ ಚನ್ನವೀರಮ್ಮ ಎಂಬೊಬ್ಬಳ ಕೈಯವು. ಒಬ್ಬಳು ಹತ್ತಿ ಬಿಡಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದಳು. ಒಬ್ಬಳು ಮೆಣಸಿನಕಾಯಿ ಹರವುತ್ತ ಬಂದ ಸೀನನ್ನು ತಡೆದು ನಿಂತಿದ್ದಳು. ಒಬ್ಬ ಮುದುಕಿ ಬಸ್ಸಿಗೆ ಕಾದು ಕಾದು ಒಂದೇ ಕಾಲಿನ ಮೇಲೆ ಭಾರ ಬಿಟ್ಟಿದ್ದಳು. ಮುಖವೆಂದರೆ ಕಣ್ಣಿಗೆರಡು ಕಪ್ಪು ಹೊಲಿಗೆ, ಬಾಯಿಗೊಂದು ಕೆಂಪು ಹೊಲಿಗೆ, ಅಷ್ಟೆ. ಆದರೂ ನೋಡಿದವರು ಈಕೆಯನ್ನು ಎಲ್ಲೋ ಕಂಡಿದ್ದೇನಲ್ಲ ಎಂದು ನೆನಪು ಕೆದಕುತ್ತಿದ್ದರು.

ದಾಕ್ಷಾಯಣಮ್ಮನಿಗೂ ಗೊಂಬೆ ಮಾಡುವ ಹುಚ್ಚು ಹಿಡಿದದ್ದು ಇವನ್ನು ನೋಡಿಯೇ. ಬಿ.ಎ. ಓದಿದವಳು, ಕೈಹೊಲಿಗೆ ಚೆನ್ನಾಗಿ ಬಲ್ಲವಳು. ಅಳತೆ ತಪ್ಪುತ್ತಿರಲಿಲ್ಲ, ಎಳೆ ತಪ್ಪುತ್ತಿರಲಿಲ್ಲ. ಆದರೆ ಅವಳ ಗೊಂಬೆಗಳು ಜವಳಿ ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿದವರಂತೆ ನಿಲ್ಲುತ್ತಿದ್ದವು. ಎಲ್ಲಿಂದಲೂ ಬಂದವರಲ್ಲ, ಎಲ್ಲಿಗೂ ಹೋಗುವವರಲ್ಲ. ಮಾಡಿದ್ದನ್ನೆಲ್ಲ ಅವಳು ಯಾರಿಗೂ ತೋರಿಸದೆ ಹಳೆಯ ದಿಂಬಿನ ಚೀಲವೊಂದರಲ್ಲಿ ತುಂಬಿಟ್ಟಿದ್ದಳು.

ಚನ್ನವೀರಮ್ಮ ಆದೋನಿಯ ಹತ್ತಿ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಹೋದವಳು. ಗಂಡ ತೀರಿದ ಮೇಲೆ ಕುರುಗೋಡಿಗೆ, ತಮ್ಮ ಉಜ್ಜಿನಪ್ಪನ ಮನೆಗೆ ಮರಳಿ ಬಂದಿದ್ದಳು. ನಾಲಿಗೆ ಬಲು ಚುರುಕು. ಗೊಂಬೆಗೆ ದುಡ್ಡು ಮುಟ್ಟುತ್ತಿರಲಿಲ್ಲ. ಬೇಕಾದವರು ಉಟ್ಟು ಹಳೆಯದಾದ ಸೀರೆ ತಂದು ಕೊಡಬೇಕು. ಹೊಸ ಬಟ್ಟೆಗೆ ಮೈ ಗೊತ್ತಿರುವುದಿಲ್ಲ ಎನ್ನುವಳು. ಅವಳದು ಇನ್ನೊಂದು ಕಟ್ಟಳೆ. ಗೊಂಬೆಗೆ ಹಾಕುವ ಕಡೆಯ ಹೊಲಿಗೆ ಸೊಂಟದ್ದು. ಆ ಹೊತ್ತಿಗೆ ಯಾರೇ ಇದ್ದರೂ ಹೊರಗೆ ಕೂಡಿಸಿ ಬಾಗಿಲು ಹಾಕಿಕೊಳ್ಳುವಳು. ಹೋಟೆಲಿನವರು ಸಾರಿನ ಪುಡಿ ಮುಚ್ಚಿಟ್ಟ ಹಾಗೆ ಇದೂ ಕಸುಬಿನ ಗುಟ್ಟೆಂದು ದಾಕ್ಷಾಯಣಮ್ಮ ಕೇಳಲು ಹೋಗಿರಲಿಲ್ಲ.

ಇಸವಿ ಎಪ್ಪತ್ತಾರರ ಆ ಚಳಿಗಾಲದಲ್ಲಿ ಮಗಳು ಸರ್ವಮಂಗಳಾ ಬಸುರಿಯಾಗಿ ತವರಿಗೆ ಬಂದಿದ್ದಳು. ಹಿಂದಿನ ವರ್ಷ ಒಂದು ಬಸಿರು ಇಳಿದುಹೋಗಿತ್ತು. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಹೆಚ್ಚು ಓಡಾಡಬೇಡ ಎಂದಿದ್ದರು. ಗಂಡನ ಮನೆಯವರೇ ಬಳ್ಳಾರಿಗೆ ಬಂದು ಕುಬಸ, ಅಂದರೆ ಸೀಮಂತ, ಮಾಡುವುದೆಂದಾಗಿತ್ತು. ಮಲಗಿದವಳಿಗೆ ಬೇಸರ ಕಳೆಯಲೆಂದು ದಾಕ್ಷಾಯಣಮ್ಮ ಒಂದು ಹೊಸ ಗೊಂಬೆ ಮಾಡಿಕೊಡಲು ಹೇಳಿದ್ದಳು. ಚನ್ನವೀರಮ್ಮ ಮಂಗಳಾ ಉಟ್ಟ ಸೀರೆಯನ್ನೇ ಕೇಳಿ ತರಿಸಿಕೊಂಡಳು. ಎಷ್ಟನೆಯ ತಿಂಗಳು, ಯಾವ ಮಗ್ಗುಲಿಗೆ ಮಲಗುತ್ತಾಳೆ ಎಂದೂ ಕೇಳಿದ್ದಳು. ಬಂದ ಗೊಂಬೆ ತುಂಬು ಬಸುರಿ. ಒಂದು ಕೈ ನಡುವಿನ ಮೇಲಿಟ್ಟು, ಹಿಂದಕ್ಕೆ ಸ್ವಲ್ಪ ವಾಲಿ, ಕುತ್ತಿಗೆ ಎತ್ತಿ ಯಾರನ್ನೋ ದಾರಿ ಕಾಯುತ್ತಿದ್ದಳು. ಮಂಗಳಾ ಅದನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಳು.

ಅನುಮಾನ ಬಂದದ್ದು ಸಿರುಗುಪ್ಪದಿಂದ.

ಅದನ್ನು ತಂದವಳು ಶಿವಬಸಮ್ಮ, ವಕೀಲರ ಅಕ್ಕ. ಸಿರುಗುಪ್ಪಕ್ಕೆ ಕೊಟ್ಟಿದ್ದ ಹೆಣ್ಣು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಮಂಗಳಾಳನ್ನು ಎತ್ತಿ ಆಡಿಸಿ ಬೆಳೆಸಿದ್ದೇ ಅವಳು. ಈಗಲೂ ದಿನಾ ಸಂಜೆ ನೀರು ಕಾಯಿಸಿ ಹುಡುಗಿಯ ಬಾತ ಕಾಲುಗಳನ್ನು ಬೋಗುಣಿಯಲ್ಲಿಟ್ಟುಕೊಂಡು ಕೂಡುತ್ತಿದ್ದಳು. ಗಂಡನ ಕಡೆಯವರ ಮನೆಯ ಕಾರ್ಯಕ್ಕೆಂದು ಸಿರುಗುಪ್ಪಕ್ಕೆ ಹೋದವಳು ಮುಖ ಸಣ್ಣದು ಮಾಡಿಕೊಂಡು ಬಂದಳು. ಅಲ್ಲಿಯ ಅಕ್ಕಿ ಗಿರಣಿಯವರ ಮನೆಯಲ್ಲೂ ಚನ್ನವೀರಮ್ಮನ ಗೊಂಬೆಯೊಂದಿತ್ತಂತೆ. ಇಲಿ ಅದರ ಹೊಟ್ಟೆ ಕಡಿದು, ಒಳಗಿನಿಂದ ಕೆಂಪು ಬಟ್ಟೆಯ ಗಂಟು ಬಿದ್ದಿತಂತೆ. ಬಿಚ್ಚಿ ನೋಡುವ ಧೈರ್ಯವಾಗದೆ ಒಲೆಗೆ ಹಾಕಿದರಂತೆ. ಆ ಮನೆಯ ಸೊಸೆ ತವರಿಗೆ ಹೋದವಳು ತಿರುಗಿ ಬಂದಿಲ್ಲವಂತೆ.

ದಾಕ್ಷಾಯಣಮ್ಮ ನಕ್ಕುಬಿಟ್ಟಳು. ಸೊಸೆ ಬಾರದಿರಲು ಅತ್ತೆ ಸಾಲದೇ, ಗೊಂಬೆ ಯಾಕೆ ಬೇಕು ಎಂದಳು. ಆದರೆ ಶಿವಬಸಮ್ಮ ಅಡುಗೆಮನೆಗೆ ಹೋದ ಮೇಲೆ ಬೀರು ತೆಗೆದು, ಹತ್ತಿ ಬಿಡಿಸುವವಳನ್ನು ಕೈಗೆತ್ತಿಕೊಂಡು ಸೊಂಟ ಒತ್ತಿ ನೋಡಿದಳು. ಅರಳೆಯ ಮೆತ್ತೆಯ ನಡುವೆ ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಮೆಣಸಿನಕಾಯಿಯವಳನ್ನು ಒತ್ತಿದಳು. ಅಲ್ಲೂ ಇತ್ತು. ಮುದುಕಿಯಲ್ಲೂ ಇತ್ತು.

ಅಂದಿನಿಂದ ಮನೆಯ ಹಳೆಯ ದಿನಗಳಿಗೆಲ್ಲ ಬೇರೆಯದೇ ಅರ್ಥ ಹುಟ್ಟತೊಡಗಿತು. ಮುದುಕಿ ಬಂದ ವರ್ಷವೇ ಅಲ್ಲವೇ ವಕೀಲರಿಗೆ ಹೊಟ್ಟೆಹುಣ್ಣಾದದ್ದು? ಬೀರುವಿನ ಮೂಲೆಯಲ್ಲಿ ಸೂಲಗಿತ್ತಿಯ ಗೊಂಬೆಯೊಂದಿತ್ತು. ಅದು ಬಂದದ್ದು ಹಿಂದಿನ ವರ್ಷದ ಶ್ರಾವಣದಲ್ಲಿ. ಮಂಗಳಾಳ ಬಸಿರು ಇಳಿದದ್ದೂ ಶ್ರಾವಣದಲ್ಲೇ. ಓದಿದವಳು ಹೀಗೆ ಯೋಚಿಸಬಾರದೆಂದು ದಾಕ್ಷಾಯಣಮ್ಮ ತನ್ನನ್ನು ತಾನೇ ಗದರಿಕೊಂಡಳು. ಗದರಿಕೊಂಡಷ್ಟೂ ಮನಸ್ಸು ಅತ್ತಲೇ ಹೋಯಿತು. ಮಾಟ ಮಾಡುವವರಿಗೆ ಬೇಕಾದದ್ದಾದರೂ ಏನು? ಉಟ್ಟು ಬಿಟ್ಟ ಬಟ್ಟೆ. ಮಗಳ ಸೀರೆಯನ್ನು ತಾನೇ ಮಡಿಚಿ, ಕೈಯಾರೆ ಕೊಟ್ಟು ಬಂದಿದ್ದಳು.

ಒಂದು ಮಧ್ಯಾಹ್ನ ಮಂಗಳಾ ನಿದ್ದೆ ಹೋದಾಗ ಶಿವಬಸಮ್ಮ ತಲೆದಿಂಬಿನ ಪಕ್ಕದಿಂದ ಬಸುರಿ ಗೊಂಬೆಯನ್ನು ಎತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಕತ್ತರಿಯನ್ನು ಮಾತ್ರ ತಾನು ಮುಟ್ಟಲಿಲ್ಲ, ದಾಕ್ಷಾಯಣಮ್ಮನ ಕಡೆ ಸರಿಸಿದಳು.

ಸೊಂಟದ ಹೊಲಿಗೆ ಇರುವೆ ಸಾಲಿನಷ್ಟು ಸಣ್ಣದು. ಅದನ್ನು ದಾಕ್ಷಾಯಣಮ್ಮ ಒಂದೊಂದೇ ಎಳೆಯಾಗಿ ಕತ್ತರಿಸಿದ್ದು ಹೆದರಿಕೆಗೋ, ಅಂಥ ಹೊಲಿಗೆ ಹಾಳಾಗುವ ಸಂಕಟಕ್ಕೋ, ಅವಳಿಗೇ ತಿಳಿಯಲಿಲ್ಲ. ಅರಳೆಯ ಒಳಗಿಂದ ಮಗಳ ಸೀರೆಯ ತುಣುಕಿನಲ್ಲಿ ಬಿಗಿದ ಗಂಟು ಹೊರಬಂತು. ಬಿಚ್ಚಿದರೆ ಒಳಗೆ ನಾಲ್ಕಾರು ಕಾಳು ಅಕ್ಕಿ, ಒಂದು ತುಂಡು ಅರಿಷಿಣ ಕೊಂಬು, ಅಡಿಕೆ ಚೂರು, ಒಣಗಿ ಹಳದಿಯಾದ ಕೊಬ್ಬರಿಯ ಹೋಳು, ಎಲ್ಲದರ ಮೇಲೂ ಕುಂಕುಮ.

"ಪೂಜಿ ಸಾಮಾನ ಇದ್ದಂಗ ಐತಲ್ಲಕ್ಕಾ" ಎಂದಳು ದಾಕ್ಷಾಯಣಮ್ಮ, ತನಗೇ ಸಮಾಧಾನ ಹೇಳಿಕೊಳ್ಳುವಂತೆ.

"ಮಾಟಕ್ಕೇನು ಬ್ಯಾರೆ ಅಂಗಡ್ಯಾಗ ಸಾಮಾನ ತರ್ತಾರೇನು? ಒಳ್ಳೇದಕ್ಕೂ ಅದ ಅರಿಷಿಣ, ಕೆಟ್ಟದ್ದಕ್ಕೂ ಅದ ಅರಿಷಿಣ" ಎಂದಳು ಶಿವಬಸಮ್ಮ. "ಒಳ್ಳೇದಾಗಿದ್ರ ಬಾಗಲಾ ಹಾಕ್ಕೊಂಡು ಹೊಲಿಯೂದ್ಯಾಕ? ಹೇಳು ನೋಡೋಣ."



ಶಿವಬಸಮ್ಮನದು ಒಂದೇ ಹಟ. ಬೀಗರು ಕುಬಸಕ್ಕೆ ಬರುವುದರೊಳಗೆ ಬೀರು ಖಾಲಿಯಾಗಬೇಕು, ಅಷ್ಟನ್ನೂ ಚೀಲಕ್ಕೆ ತುಂಬಿ ಹಗರಿ ಹೊಳೆಗೆ ಬಿಟ್ಟು ಬರಬೇಕು. ದಾಕ್ಷಾಯಣಮ್ಮ ಒಂದು ದಿನದ ವಾಯಿದೆ ಕೇಳಿದಳು. ಮಾಡಿದವಳ ಎದುರೇ ಕೂತು ಕೇಳುತ್ತೇನೆ, ಉತ್ತರ ಕೊಡದಿದ್ದರೆ ನೀವು ಹೇಳಿದಂತೆಯೇ ಆಗಲಿ ಎಂದಳು. ಎದ್ದ ಮಂಗಳಾ ಗೊಂಬೆ ಎಲ್ಲಿ ಎಂದಾಗ, ಹೊಲಿಗೆ ಬಿಟ್ಟಿದೆ, ಸರಿಮಾಡಿಸಿ ತರುತ್ತೇನೆ ಎಂದು ಸುಳ್ಳು ಹೇಳಿದಳು.

ಮರುದಿನ ಬೆಳಿಗ್ಗೆ ಕುರುಗೋಡಿನ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಎದೆಗೆ ಅವಚಿಕೊಂಡಿದ್ದ ಚೀಲದಿಂದ ಗೊಂಬೆಯ ತಲೆ ಹೊರಗೆ ಇಣುಕಿದ್ದನ್ನು ಕಂಡು ಕಂಡಕ್ಟರು ಒಬ್ಬನನ್ನು ಎಬ್ಬಿಸಿ, ಅಮ್ಮಾರಿಗೆ ಜಾಗ ಬಿಡಪ್ಪಾ, ಕೂಸಿನ್ನ ತಗೊಂಡು ಬಂದಾರ ಎಂದು ಸೀಟು ಕೊಡಿಸಿದ. ಜನ ನಕ್ಕರು. ಬೇರೆ ದಿನವಾಗಿದ್ದರೆ ದಾಕ್ಷಾಯಣಮ್ಮನೂ ನಗುತ್ತಿದ್ದಳು. ದಾರಿಯುದ್ದಕ್ಕೂ ಅವಳು ಕೇಳಬೇಕಾದ ಮಾತನ್ನು ಜೋಡಿಸುತ್ತ, ಕೆಡವುತ್ತ ಕೂತಿದ್ದಳು.

ಉಜ್ಜಿನಪ್ಪನ ಮನೆ ದೊಡ್ಡಬಸವಣ್ಣನ ಗುಡಿಯ ಹಿಂದಿನ ಓಣಿಯಲ್ಲಿ. ಅವನ ಹೆಂಡತಿ ಜಂಬಮ್ಮ ನೀರು ಕೊಟ್ಟು, ಚಾಪೆ ಹಾಸಿ, ಮಂಡಕ್ಕಿ ಒಗ್ಗರಣೆಗೆ ಒಲೆ ಹಚ್ಚಿದಳು. ಚನ್ನವೀರಮ್ಮ ತನ್ನ ಕೋಣೆಯಿಂದ ಹೊರಬಂದು ಎದುರು ಕೂತಳು. ಮಡಿಲ ತುಂಬ ಅರಳೆ.

"ಮಗಳು ಹೆಂಗದಾಳ? ಕಾಲು ಬಾತಿರಬೇಕಲ್ಲ?" ಎಂದಳು ಬಂದವಳೇ.

ದಾಕ್ಷಾಯಣಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕಾಲು ಬಾತದ್ದು ಇವಳಿಗೆ ಹೇಗೆ ತಿಳಿಯಿತು? ಜೋಡಿಸಿ ತಂದ ಮಾತೆಲ್ಲ ಚೆಲ್ಲಿಹೋಗಿ, ಗೊಂಬೆಯ ಹೊಲಿಗೆ ಬಿಟ್ಟಿದೆ ಎಂದಷ್ಟೇ ಬಾಯಿಂದ ಹೊರಟಿತು.

ಚನ್ನವೀರಮ್ಮ ಅರಳೆಯಿಂದ ಕಸ ಆರಿಸುತ್ತಿದ್ದ ಕೈ ನಿಲ್ಲಿಸಿದಳು. "ನನ್ನ ಹೊಲಿಗಿ ತಾನಾಗೇ ಬಿಡೂದಿಲ್ಲ" ಎಂದು, ಚೀಲದ ಕಡೆ ಒಮ್ಮೆ, ದಾಕ್ಷಾಯಣಮ್ಮನ ಕಡೆ ಒಮ್ಮೆ ನೋಡಿದಳು.

ಅಷ್ಟರಲ್ಲಿ ಜಂಬಮ್ಮ ಮಂಡಕ್ಕಿ ತಂದಿಟ್ಟು ನಡುವೆ ಕೂತಳು. ಅವಳ ಮುಂದೆ ಈ ಮಾತು ಆಡುವುದಾದರೂ ಹೇಗೆ? ದಾಕ್ಷಾಯಣಮ್ಮ ತಿಂದಳು, ಶೇಂಗಾ ಬೆಲೆಯ ಸುದ್ದಿ ಕೇಳಿದಳು. ಜಂಬಮ್ಮ ಒಳಗೆ ಹೋದರೆ ಸಾಕೆಂದು ಕಾದಳು. ಚನ್ನವೀರಮ್ಮ ಅದೇ ಚೀಲವನ್ನು ನೋಡುತ್ತಿದ್ದಳು. ಕಡೆಗೆ ಜಂಬಮ್ಮ ಎದ್ದು, ಒಳಗಿನಿಂದ ಮೊರ ಹಿಡಿದು ಬಂದಳು. ಬಸುರಿ ಮಗಳನ್ನು ಬಿಟ್ಟು ಅಷ್ಟು ದೂರದಿಂದ ಬಂದಿದ್ದೀರಿ, ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸಿದರೆ ಮನೆಗೆ ಒಳ್ಳೆಯದಲ್ಲ, ಹೊರಡುವ ಹೊತ್ತಿಗೆ ಅವಸರವಾದೀತು, ಈಗಲೇ ಉಡಿ ತುಂಬುತ್ತೇನೆ, ಏಳಿರಿ ಎಂದಳು.

ಮೊರ ಕಂಡದ್ದೇ ಚನ್ನವೀರಮ್ಮ ಮಡಿಲ ಅರಳೆಯನ್ನು ಬಾಚಿಕೊಂಡು ಎದ್ದಳು. ಯಾರೂ ಏನೂ ಅನ್ನಲಿಲ್ಲ. ಅನ್ನುವ ಮೊದಲೇ ಏಳುವುದು ರೂಢಿಯಾಗಿದ್ದವಳಂತೆ ಎದ್ದು, ತನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ತನ್ನ ಮನೆಯಲ್ಲಿ ಇಂಥ ಹೊತ್ತಿಗೆ ಶಿವಬಸಮ್ಮನೂ ಹೀಗೆಯೇ ಎದ್ದು ಅಡುಗೆಮನೆಗೆ ಹೋಗುವುದನ್ನು ದಾಕ್ಷಾಯಣಮ್ಮ ಎಷ್ಟು ಸಲ ನೋಡಿದ್ದಳೋ. ನೋಡಿಯೂ ನೋಡಿರಲಿಲ್ಲ.

ಅವಳು ಪೂರ್ವಕ್ಕೆ ಮುಖ ಮಾಡಿ ನಿಂತು ಸೆರಗೊಡ್ಡಿದಳು. ಜಂಬಮ್ಮ ಕುಂಕುಮ ಹಚ್ಚಿ, ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು. ಅಕ್ಕಿಯ ಮೇಲೆ ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ. ದಾಕ್ಷಾಯಣಮ್ಮ ತನ್ನ ಉಡಿಯನ್ನೇ ನೋಡುತ್ತ ನಿಂತಳು. ಅಕ್ಕಿ, ಕೊಬ್ಬರಿ, ಅರಿಷಿಣ, ಅಡಿಕೆ, ಕುಂಕುಮ. ಚೀಲದಲ್ಲಿ, ಮಗಳ ಸೀರೆಯ ತುಣುಕಿನಲ್ಲಿ ಇದ್ದದ್ದೂ ಇಷ್ಟೇ. ಕತ್ತರಿಸಿದ್ದು ಏನನ್ನು ಎಂದು ಆಗ ಅವಳಿಗೆ ತಿಳಿಯಿತು. ಚನ್ನವೀರಮ್ಮ ಯಾಕೆ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದಳೆಂಬುದೂ ತಿಳಿಯಿತು. ಗಂಡ ಸತ್ತವಳ ಕೈಯಿಂದ ಯಾರ ಉಡಿಗೂ ಒಂದು ಕಾಳು ಬೀಳುವ ಹಾಗಿಲ್ಲ.

ಅವಳು ತುಂಬಿದ ಉಡಿಯನ್ನು ಕಟ್ಟಿಕೊಂಡು, ಚೀಲ ಹಿಡಿದು ಆ ಕೋಣೆಯ ಬಾಗಿಲು ತಳ್ಳಿದಳು. ಚನ್ನವೀರಮ್ಮ ಕಿಟಕಿಯ ಬಳಿ ಕೂತಿದ್ದಳು. ದಾಕ್ಷಾಯಣಮ್ಮ ಗೊಂಬೆಯನ್ನೂ ಬಿಚ್ಚಿದ ಗಂಟನ್ನೂ ಅವಳ ಮುಂದಿಟ್ಟಳು.

"ನಾನ ಕತ್ತರಿಸಿದೆ" ಎಂದಳು. "ಮಾಟ ಅಂದ್ಕೊಂಡಿದ್ದೆ."

ಚನ್ನವೀರಮ್ಮ ಚದುರಿದ ಅಕ್ಕಿಕಾಳನ್ನು ಬೆರಳಿಂದ ಕೂಡಿಸಿದಳು. ಅವಳಿಗೆ ಸಿಟ್ಟು ಬಂದಿತ್ತೋ, ನಗು ಬಂದಿತ್ತೋ. "ಸಿರುಗುಪ್ಪದಾಗ ಸುಟ್ಟರಂತ. ನೀವು ಕೇಳಾಕಾದರೂ ಬಂದ್ರಿ" ಎಂದಳು. ಆಮೇಲೆ ದನಿ ಗಟ್ಟಿಯಾಯಿತು. "ಹೇಳ್ರಿ, ಊರಿಗೆಲ್ಲ ಹೇಳಿಬಿಡ್ರಿ. ರಂಡಿಮುಂಡಿ ಉಡಿ ತುಂಬಿದ ಗೊಂಬಿ ಅಂದ್ರ ಮಾಟಕ್ಕಿಂತಾ ಹೆಚ್ಚು ಹೆದರ್ತಾರ. ನಿಮ್ಮ ಬೀರುನೂ ಖಾಲಿ ಆಕ್ಕತಿ, ನನ್ನ ಕೈನೂ ಖಾಲಿ ಆಕ್ಕತಿ."

ಯಾರಿಗೂ ಹೇಳುವುದಿಲ್ಲವೆಂದು ದಾಕ್ಷಾಯಣಮ್ಮ ಕೂಡಲೇ ಅನ್ನಲಿಲ್ಲ. ಮನೆಯಲ್ಲಿ ಶಿವಬಸಮ್ಮ ಉತ್ತರಕ್ಕೆ ಕಾದಿದ್ದಳು. ದಾಕ್ಷಾಯಣಮ್ಮ ಕೇಳಿದ್ದು, ಯಾಕೆ ತುಂಬುತ್ತೀರಿ ಎಂದು.

"ಇಲ್ಲೇ ಇರಾಕ ಮಾಡ್ತೀನೇನ್ರಿ ಇವನ್ನ? ನನ್ನ ಮನಿ ಬಿಟ್ಟು ಹೋಗಾಕ ಮಾಡ್ತೀನಿ. ಹುಟ್ಟಿದ ಮನಿ ಬಿಟ್ಟು ಹೋಗೂ ಹೆಣ್ಣಿನ್ನ ಬರಿ ಉಡೀಲೆ ಹೆಂಗ ಕಳಸಲಿ?"

ದಾಕ್ಷಾಯಣಮ್ಮನಿಗೆ ದಿಂಬಿನ ಚೀಲದಲ್ಲಿ ಕೂತ ತನ್ನ ಗೊಂಬೆಗಳು ನೆನಪಾದವು. ಅವು ಎಲ್ಲಿಗೂ ಹೊರಟವಲ್ಲ. ಹೊರಡುತ್ತಾರೆಂದು ಎಣಿಸಿ ಅವಳು ಒಂದನ್ನೂ ಮಾಡಿರಲಿಲ್ಲ.

ಗಂಟನ್ನು ಚನ್ನವೀರಮ್ಮನೇ ಕಟ್ಟಿ ಒಳಗಿಟ್ಟಳು. ಸೂಜಿಯನ್ನು ಮಾತ್ರ ದಾಕ್ಷಾಯಣಮ್ಮನ ಕೈಗೆ ಕೊಟ್ಟಳು. ಬಿಚ್ಚಿದವರೇ ಹೊಲಿಯಬೇಕಂತೆ. ಅವಳ ಹೊಲಿಗೆ ನೋಡಿ, ಇರುವೆ ಸಾಲಿನ ನಡುವೆ ಚೇಳು ಹೊಕ್ಕ ಹಾಗಿದೆ ಎಂದು ಹಂಗಿಸಿದಳು. ಹಂಗಿಸುತ್ತಲೇ ಬೆಳಕು ಬೀಳಲೆಂದು ಕಿಟಕಿಯ ಇನ್ನೊಂದು ರೆಕ್ಕೆಯನ್ನೂ ತೆಗೆದಳು. ಕಾಲು ಬಾತದ್ದು ನಿಮಗೆ ಹೇಗೆ ತಿಳಿಯಿತೆಂದು ಕೇಳಿದ್ದಕ್ಕೆ, ನಾನೂ ಒಂದು ಸಲ ಬಸುರಿಯಾಗಿದ್ದೆನಲ್ಲ ಎಂದಷ್ಟೇ ಹೇಳಿ ಮಾತು ಬೇರೆ ಕಡೆಗೆ ಹೊರಳಿಸಿದಳು.

ಸಂಜೆ ಮಂಗಳಾ ಗೊಂಬೆಯನ್ನು ಮತ್ತೆ ತಲೆದಿಂಬಿನ ಪಕ್ಕಕ್ಕಿಟ್ಟುಕೊಂಡಳು. ಶಿವಬಸಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಏನಂದಳು ಎಂದು ಕಣ್ಣಲ್ಲೇ ಕೇಳಿದಳು. ಬಸ್ಸಿನಲ್ಲಿ ಬರುತ್ತ ದಾಕ್ಷಾಯಣಮ್ಮ ಇದಕ್ಕೆ ಎಷ್ಟೋ ಸುಳ್ಳು ಹೊಸೆದಿದ್ದಳು. ಒಂದೂ ನಾಲಿಗೆಗೆ ಬರಲಿಲ್ಲ.

"ಮಾಟ ಅಲ್ಲಕ್ಕಾ. ಉಡಿ ತುಂಬ್ಯಾಳ."

"ಯಾರು? ಅವರ ತಮ್ಮನ ಹೇಂತಿ?"

"ಅಲ್ಲ, ಚನ್ನವೀರಮ್ಮ. ತನ್ನ ಕೈಯಾರೆ."

ಶಿವಬಸಮ್ಮ ಬೀರುವಿನ ಕಡೆ ನೋಡಿದಳು. "ಎಲ್ಲಾ ಗೊಂಬಿಗೂ?" ಎಂದಳು ಆಮೇಲೆ. ದಾಕ್ಷಾಯಣಮ್ಮ ತಲೆಯಾಡಿಸಿದಳು. ಶಿವಬಸಮ್ಮ ಒಳಗೆ ಹೋಗಿ ಮಂಗಳಾಳ ಕಾಲಿಗೆ ನೀರು ಕಾಯಿಸಲು ಇಟ್ಟಳು. ಹಗರಿಯ ಮಾತು ಎತ್ತಲಿಲ್ಲ. ಬೇರೆ ಯಾವ ಮಾತನ್ನೂ ಎತ್ತಲಿಲ್ಲ.

ಈಗ ಅನುಮಾನ ಹೊಸ ಕಡೆಯಿಂದ ಶುರುವಾಯಿತು. ಈ ಮೌನಕ್ಕೆ ದಾಕ್ಷಾಯಣಮ್ಮ ಹೆದರಿದಳು. ನೇಮ ನಿಷ್ಠೆಯಲ್ಲಿ ಶಿವಬಸಮ್ಮ ಕಲ್ಲಿನಂಥವಳು. ಗಂಡ ಸತ್ತ ತನಗೆ ಸಲ್ಲದ್ದನ್ನು ಇನ್ನೊಬ್ಬಳಿಗೆ ಸಲ್ಲಗೊಡುವವಳಲ್ಲ. ಕುಬಸದ ದಿನ ಬೀಗರ ಮುಂದೆ ಒಂದು ಮಾತು ಜಾರಿಸಿದರೆ ಸಾಕು, ಚನ್ನವೀರಮ್ಮನ ಕೈಗೆ ಮತ್ತೆ ಯಾರೂ ಸೀರೆ ಕೊಡುವುದಿಲ್ಲ. ಶಿವಬಸಮ್ಮ ಬೀರುವಿನ ಮುಂದೆ ನಿಂತು ಗೊಂಬೆಗಳನ್ನು ಒಂದೊಂದಾಗಿ ನೋಡುವುದನ್ನು ಅವಳು ಬಾಗಿಲ ಸಂದಿಯಿಂದ ಕಂಡಳು. ಒಮ್ಮೆ ಕೈಯಲ್ಲಿ ಕತ್ತರಿಯೂ ಇತ್ತು.

ಆ ದಿನಗಳಲ್ಲೇ ದಾಕ್ಷಾಯಣಮ್ಮ ಒಂದು ಗೊಂಬೆ ಹಿಡಿದಳು. ಮಾಡಬೇಕೆಂದು ಕೂತದ್ದಲ್ಲ, ಅದೇ ಕೈಗೆ ಬಂತು. ಬಾಗಿಲ ಮರೆಗೆ ಅರ್ಧ ನಿಂತು, ಕತ್ತು ಚಾಚಿ, ಹೊರಗೆ ನಡೆಯುವುದನ್ನು ನೋಡುತ್ತಿರುವ ಹೆಂಗಸು. ಬಟ್ಟೆಗೆ ಶಿವಬಸಮ್ಮನ ಹಳೆಯ ಬೂದು ಸೀರೆಯ ಅಂಚನ್ನೇ ತೆಗೆದುಕೊಂಡಳು. ಕಣ್ಣಿಗೆರಡು, ಬಾಯಿಗೊಂದು ಹೊಲಿಗೆ ಹಾಕಿ ಹಿಡಿದಾಗ ಮಂಗಳಾ ಹಾಸಿಗೆಯಿಂದಲೇ ನಕ್ಕು, ಅತ್ತಿ ಇದು, ನಮ್ಮ ಅತ್ತಿ, ನಾನು ಹೋಗುವಾಗ ಇವಳನ್ನು ನನ್ನ ಜೊತೆ ಕಳಿಸು ಎಂದಳು. ದಾಕ್ಷಾಯಣಮ್ಮ ಸೊಂಟದ ಹೊಲಿಗೆಯನ್ನು ಮಾತ್ರ ಬಿಟ್ಟಿದ್ದಳು. ಒಳಗೆ ಏನಿಡಬೇಕೆಂಬುದು ಅವಳಿಗೆ ಗೊತ್ತಿತ್ತು. ಇಡುವ ಕೈ ತನ್ನದಾಗಬೇಕೇ ಎಂಬುದು ಮಾತ್ರ ಬಗೆಹರಿದಿರಲಿಲ್ಲ.

ಕುಬಸದ ಬೆಳಿಗ್ಗೆ ಆ ಗೊಂಬೆ ಕಾಣೆಯಾಯಿತು.

ಬೀಗರು ಬಂದಿಳಿದಾಗಿತ್ತು. ಪಡಸಾಲೆ ತುಂಬ ಹೆಂಗಸರು. ಹಸಿರು ಸೀರೆ, ಹಸಿರು ಬಳೆಗಳಲ್ಲಿ ಮಂಗಳಾಳನ್ನು ಮಣೆಯ ಮೇಲೆ ಕೂಡಿಸಿದ್ದರು. ದಾಕ್ಷಾಯಣಮ್ಮ ಬೀರು ನೋಡಿದಳು, ಹಾಸಿಗೆ ಕೊಡವಿದಳು. ಹಗರಿಯ ನೀರು ಕಣ್ಣ ಮುಂದೆ ಬಂತು. ಅಡುಗೆಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಒಲೆ ಉರಿಯುವ ಸದ್ದು ಕೇಳುತ್ತಿತ್ತು.

ಅವಳು ತಟ್ಟುವ ಮೊದಲೇ ಬಾಗಿಲು ತೆರೆಯಿತು. ಶಿವಬಸಮ್ಮ ಗೊಂಬೆಯನ್ನು ಮುಂದಕ್ಕೆ ಚಾಚಿದಳು. ಅವಳ ಬೆರಳ ತುದಿಗೆ ಕುಂಕುಮ ಹತ್ತಿತ್ತು.

"ಸೊಂಟ ಹಂಗ ಬಿಟ್ಟಿದ್ದಿ. ಹೊಲಿದೀನಿ ನೋಡು" ಎಂದಳು, ಮುಖ ನೋಡದೆ.

ದಾಕ್ಷಾಯಣಮ್ಮ ಹೆಬ್ಬೆರಳಿಂದ ಮೆಲ್ಲಗೆ ಒತ್ತಿದಳು. ಅರಳೆಯ ನಡುವೆ ಗಟ್ಟಿಯಾಗಿ, ಸಣ್ಣದಾಗಿ ಗಂಟೊಂದು ಸಿಕ್ಕಿತು. ಹೊಲಿಗೆ ಸೊಟ್ಟ. ಚನ್ನವೀರಮ್ಮ ಕಂಡಿದ್ದರೆ ಚೇಳನ್ನೂ ಮೀರಿಸಿದೆ ಎನ್ನುತ್ತಿದ್ದಳು. ಪಡಸಾಲೆಯಿಂದ ಉಡಿ ತುಂಬುವ ಹೊತ್ತಾಯಿತು ಬನ್ನಿ ಎಂದು ಕರೆ ಬಂತು. ದಾಕ್ಷಾಯಣಮ್ಮ ಹೋಗಿ, ಗೊಂಬೆಯನ್ನು ಮಗಳ ಒಡ್ಡಿದ ಸೆರಗಿನಲ್ಲಿ ಎಲ್ಲರಿಗಿಂತ ಮೊದಲು ಇಟ್ಟಳು. ಅದರ ಮೇಲೆ ಬೀಗಿತ್ತಿಯ ಬೊಗಸೆಯ ಅಕ್ಕಿ ಬಿತ್ತು.

ಶಿವಬಸಮ್ಮ ಹೊರಗೆ ಬರಲಿಲ್ಲ. ಆದರೆ ಅಡುಗೆಮನೆಯ ಬಾಗಿಲು ಅಂದು ಕೊನೆಯವರೆಗೂ ತೆರೆದೇ ಇತ್ತು.